ಮೂಡಲಗಿ ಸಂತೆಯಲ್ಲಿ ಜೋಸಪ್ಪನ ಕಲ್ಲು

ಇಲ್ಲ… ಇದು ಖರೆ ಅಂತ ಮನಸ್ಸು ಒಪ್ಪುತ್ತಿಲ್ಲ…

ಇವತ್ತು ಮೂಡಲಗಿ ಸಂತೆ.
ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ನನ್ನ ಉಳ್ಳಾಗಡ್ಡಿ ಚೀಲ ಇಳಿಸಿದೆ. ಬಾಜೂದಲ್ಲಿ ಜೋಸಪ್ಪನ ಜಾಗಕ್ಕೆ ಒಂದು ಕಲ್ಲು ಇಟ್ಟೆ.
ಮೊದಲು ಹೋದವನು ಗೆಳೆಯನಿಗಾಗಿ ಕಲ್ಲಿಡುವುದು ನಮ್ಮ ಸಂತೆಯ ಪದ್ಧತಿ. ಕಲ್ಲಿದ್ದರೆ ಆ ಜಾಗ ಹಿಡಿದಂತೆ… ಬೇರೆ ಯಾರೂ ಕೂರುವುದಿಲ್ಲ.

ಮಧ್ಯಾಹ್ನ ಅವನ ಹೆಂಡತಿ ತೆರೇಸವ್ವನ ಫೋನ್ ಬಂತು.
"ಕಾಕಾರ… ಆ ಕಲ್ಲ ತಗದ ಬಿಡ್ರಿ. ಇವ್ರು ಬರೂದಿಲ್ಲ."
"ಯಾಕವಾ, ಕೆಮ್ಮು ಇನ್ನೂ ಕಡಿಮಿ ಆಗಿಲ್ಲೇನು?" ಅಂದೆ.
ಆ ಕಡೆಯಿಂದ ಅಳು ಕೇಳಿದ ಮೇಲೆ ತಿಳಿಯಿತು…

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಕಲ್ಲೋಳಿಯ ಜೋಸೆಫ್, ನಮ್ಮೆಲ್ಲರ ಜೋಸಪ್ಪ… ಗೋಕಾಕ, ಮೂಡಲಗಿ, ಹುಕ್ಕೇರಿ ಸಂತೆಗಳಲ್ಲಿ ಸಣ್ಣ ಮಕ್ಕಳ ರೆಡಿಮೇಡ್ ಬಟ್ಟೆ ಮಾರುತ್ತಿದ್ದ.
ದಿನಾ ಬೆಳಿಗ್ಗೆ ಬೈಕಿಗೆ ಗಂಟು ಕಟ್ಟುವ ಮೊದಲು ಫೋನ್ ಹಿಡಿದು ಆ ದಿನದ ಸಂತರ ಕಥೆ, ಬೈಬಲಿನ ಒಂದು ಮಾತು, ಇವತ್ತು ಹೇಗೆ ನಡೆದುಕೊಳ್ಳಬೇಕು ಅನ್ನುವುದನ್ನು ತನ್ನ ದನಿಯಲ್ಲೇ ರೆಕಾರ್ಡ್ ಮಾಡಿ ಅವರ ಚರ್ಚಿನ ವಾಟ್ಸಾಪ್ ಗ್ರೂಪಿಗೆ ಕಳಿಸುತ್ತಿದ್ದ.

ವಿಭೂತಿ ಹಚ್ಚಿಕೊಳ್ಳುವ ಈ ಬಾಳಪ್ಪ ಕಾಕಾ ಅಲ್ಲಿ ಹೇಗೆ ಹೊಕ್ಕ ಅಂತ ಕೇಳುತ್ತೀರಿ…
"ಕಾಕಾ, ದಿನಾ ಸಂತರ ಬಗ್ಗೆ ಮೆಸೇಜ್ ಹಾಕ್ತೇನಿ. ಗ್ರೂಪಿಗೆ ಸೇರಸ್ಲೇನು?" ಅಂದಿದ್ದ.
ಸಂತೆಯ ಗದ್ದಲದಲ್ಲಿ ನನ್ನ ಕಿವಿಗೆ "ಸಂತಿ ಬಗ್ಗೆ" ಅಂತ ಬಿತ್ತು. ದಿನಾ ರೇಟ್ ತಿಳಿಯುತ್ತದೆ, ಸೇರಿಸು ಅಂದೆ.
ಮರುದಿನ ಬಂತು… "ಇವತ್ತಿನ ಸಂತ, ಅಸ್ಸಿಸಿಯ ಫ್ರಾನ್ಸಿಸ್."
ನಾನು ಗ್ರೂಪಿನಲ್ಲಿ ಫಾದರ್ ಸಮೇತ ಎಲ್ಲರ ಮುಂದೆ ಕೇಳಿದೆ, "ಅಸ್ಸಿಸಿ ಯಾವ ತಾಲೂಕದಾಗ ಬರತೈತಿ? ಉಳ್ಳಾಗಡ್ಡಿ ರೇಟ್ ಏನೈತಿ?"
ಫಾದರೇ ಉತ್ತರ ಬರೆದರು, "ಇಟಲಿಯೊಳಗ ಬರತೈತ್ರಿ. ರೇಟ್ ಕೇಳಿ ಹೇಳ್ತೇನಿ."

ಮರ್ಯಾದಸ್ಥ ಆಗಿದ್ದರೆ ಅವತ್ತೇ ಹೊರಗೆ ಬರುತ್ತಿದ್ದ. ನಾನು ಬರಲಿಲ್ಲ.
ನಾನು ಇರುವ ಗ್ರೂಪಿಗೆ ಕಳೆ ಇರುತ್ತದೆ, ಅದು ಮೇಲವಂಕಿಯಿಂದ ಹುಕ್ಕೇರಿತನಕ ಗೊತ್ತಿರುವ ಮಾತು.
ಆದರೆ ಕೂತಿದ್ದು ಅವನ ಮಾತಿಗೆ…

ಒಮ್ಮೆ ಸಂತ ಮತ್ತಾಯನ ಬಗ್ಗೆ ಹೇಳಿದ್ದ.
"ಮತ್ತಾಯ ಅಂದ್ರ ನಮ್ಮ ಸಂತ್ಯಾಗ ಪಾವತಿ ಹರಿಯಾಂವ ಇದ್ದಂಗ. ಸುಂಕ ವಸೂಲಿ ಮಾಡಾಂವ ಯಾರಿಗಿ ಬೇಕು? ಯೇಸುಸ್ವಾಮಿ ಅವನ್ನ ಕರದ್ರು, ಅವನ ಮನ್ಯಾಗ ಊಟಕ್ಕ ಕುಂತ್ರು. ಇವತ್ತ ಬ್ಯಾರೆ ಏನೂ ಬ್ಯಾಡ. ನಿಮಗ ಯಾರನ್ನ ಕಂಡ್ರ ಆಗೂದಿಲ್ಲೋ ಅವರಿಗಿ ಒಂದ ಕಪ್ ಚಾ ಕುಡಸ್ರಿ."
ಅವತ್ತು ನಮ್ಮ ಸಂತೆಯ ಕರ ವಸೂಲಿ ಮಾಡಿ ಪಾವತಿ ಹರಿಯುವವನಿಗೆ ಚಹಾ ಕೊಟ್ಟೆ. ಅವನು ಕಪ್ಪನ್ನೊಮ್ಮೆ, ನನ್ನನ್ನೊಮ್ಮೆ ನೋಡಿ, "ಇದರಾಗ ಏನ್ ಹಾಕೀರಿ ಕಾಕಾ?" ಅಂದ.

ಜೋಸಪ್ಪಾ…
ಹೋದ ವಾರ ಹುಕ್ಕೇರಿ ಸಂತೆಯಲ್ಲಿ ನಿನ್ನ ದನಿ ಪೂರಾ ಬಿದ್ದುಹೋಗಿತ್ತು. ನೀನು ಗಿರಾಕಿಗೆ ಕೈ ಮಾಡಿ ರೇಟ್ ತೋರಿಸುತ್ತಿದ್ದೆ. ಬಂದು ನನ್ನ ಚೀಲದ ಮೇಲೆ ಕೂತೆ…
"ಕಾಕಾ, ಹೇಳಾಕ ಆಗವಲ್ದು. ನಾಳಿ ಮುಂಜಾನಿದು ನೀವ ಹೇಳಿಬಿಡ್ರಿ. ಬರದ ಕೊಡ್ತೇನಿ."
"ನಾ ಒಂದ ಸಲ ಹೇಳಿದ್ನೆಂದ್ರ ನಿಮ್ಮ ಮಂದಿ ನಿನ್ನ ದನಿ ಮರೀತಾರಲೇ."
"ಮರೀಲಿ ಬಿಡ್ರಿ. ಒಂದ ದಿನಾನೂ ಖಾಲಿ ಬಿಟ್ಟಿಲ್ಲ ಕಾಕಾ… ಖಾಲಿ ಬೀಳಬಾರದು."
ನಾನು ಹಣೆ ಮುಟ್ಟಿ ತೋರಿಸಿದೆ. "ಈ ವಿಭೂತಿ ಹಚ್ಚಿಕೊಂಡು ಯೇಸುಸ್ವಾಮಿ ಬಗ್ಗೆ ಹೇಳಿದ್ರ ನಿಮ್ಮವರು ಏನಂತಾರ, ನಮ್ಮವರು ಏನಂತಾರ?"
ನೀನು ಕೆಮ್ಮುತ್ತಲೇ ನಕ್ಕೆ.
"ಫೋನಿನಾಗ ಹಣಿ ಕಾಣೂದಿಲ್ರಿ ಕಾಕಾ."
ನೋಡೋಣ ಅಂದೆ… ಮುಂದಿನ ವಾರ ನೋಡೋಣ ಅಂದೆ.

ಆಮೇಲೂ ನೀನೇ ಹೇಳಿದೆ. ದಿನದಿನಕ್ಕೆ ಮಾತು ಗಿಡ್ಡ ಆಯಿತು. ನಿನ್ನೆ ಸಂತರ ಹೆಸರು ಒಂದೇ ಕೇಳಿಸಿತು… ಉಳಿದಿದ್ದೆಲ್ಲ ಕೆಮ್ಮು.
ಇವತ್ತು ಮೆಸೇಜ್ ಇರಲಿಲ್ಲ.
ಸಂತೆ ಗಡಿಬಿಡಿಯಲ್ಲಿ ನಾನು ಅದನ್ನೂ ನೋಡಲಿಲ್ಲ ಜೋಸಪ್ಪಾ…
ಮೂರು ಊರ ಸಂತೆಯಲ್ಲಿ ನನ್ನ ಕೂಗಿಗೆ ಮೈಕ್ ಹಚ್ಚಿದವರೂ ಸೋತಿದ್ದಾರೆ. ಅಂಥ ದನಿ ನಿನಗೆ ಒಂದು ದಿನ ಬೇಕಾಗಿತ್ತು… ಒಂದೇ ದಿನ.
ನೆಲದ ಮೇಲೆ ನಿನ್ನ ಜಾಗ ಹಿಡಿದೆ. ನೀನು ಕೇಳಿದ ಬೆಳಗಿನ ಮಾತಿನ ಜಾಗ ಖಾಲಿ ಬಿದ್ದಿತು.

ಫೋನ್ ಬಂದ ಮೇಲೂ ಕಲ್ಲು ತೆಗೆಯಲಿಲ್ಲ.
ಬಳೆ ಮಾರುವ ಹೆಣ್ಣುಮಗಳು ಬಂದು, "ಯಾರೂ ಇಲ್ಲಲ್ರಿ, ಕುಂದರ್ಲೇನು?" ಅಂದಳು.
"ಹಿಡದೈತವಾ" ಅಂದೆ.
ಸಂತೆ ಹರಿಯುವತನಕ ಹಾಗೇ ಇತ್ತು.

ನಾಳೆ ಬೆಳಿಗ್ಗೆ ನಾನು ಹೇಳುತ್ತೇನೆ. ಫಾದರಿಗೆ ಕೇಳಿದ್ದೇನೆ, ಹೇಳ್ರಿ ಅಂದಿದ್ದಾರೆ.
ಸಂತರ ಹೆಸರು ನನ್ನ ನಾಲಿಗೆಗೆ ಹೊರಳುವುದಿಲ್ಲ. ನೀನು ಹೇಳಿದ್ದರಲ್ಲಿ ನನಗೆ ಪೂರಾ ತಿಳಿದಿದ್ದು ಒಂದೇ, ಅದನ್ನೇ ಹೇಳುತ್ತೇನೆ…
"ಯೇಸುಸ್ವಾಮಿ ತಮ್ಮವರಿಗಿ ಏನ್ ಹೇಳಿದ್ರು ಗೊತ್ತೇನ್ರಿ ಕಾಕಾ? ನಾ ಮುಂದ ಹೋಗಿ ನಿಮಗ ಜಾಗಾ ಮಾಡ್ತೇನಿ ಅಂದ್ರು. ಅಂದ್ರ ಏನು? ಸಂತಿಗೆ ಮೊದಲ ಹೋದಾಂವ ಕಲ್ಲ ಇಡತಾನಲ್ಲ… ಹಂಗ."

ಈ ಸಲ ನೀನು ಮೊದಲು ಹೋದೆ.
ನನಗೂ ಒಂದು ಕಲ್ಲು ಇಡು… ನಿನ್ನ ಬಾಜೂಕೇ ಇಡು, ದೂರ ಬೇಡ.
ಅಲ್ಲಿಯೂ ಹಣೆ ನೋಡುವುದಿಲ್ಲ ಅಂತ ನಂಬಿದ್ದೇನೆ.

ಹೋಗಿ ಬಾ ತಮ್ಮಾ…
ಗಂಟು ಇಳಿಸಿ ನೆರಳಿನಲ್ಲಿ ಕೂರು. ನಿನ್ನ ಸ್ವಾಮಿ ನಿನ್ನ ಜೀವಕ್ಕೆ ತಂಪು ಕೊಡಲಿ… 🙏