ಮದುವೆಯ ಕೆಳಗಿನ ಸುದ್ದಿ

...ಅಥವಾ ಆ ವಾಸನೆ ಕಳಂಬೋಲಿಯದೇ ಅಲ್ಲವೇನೋ. ಇಂದು ಬೆಳಿಗ್ಗೆ ನಮ್ಮ ಡೊಂಬಿವ್ಲಿಯ ಕಟ್ಟಡದ ಕೆಳಗೆ ಯಾರೋ ಗ್ಯಾಸ್ ಕಟರಿನಿಂದ ಹಳೆ ಗೇಟು ಕತ್ತರಿಸುತ್ತಿದ್ದರು. ಸುಟ್ಟ ಕಬ್ಬಿಣದ ವಾಸನೆ ಮೂಗಿಗೆ ಬಡಿದದ್ದೇ ಸಂಪಾದಕರು ನೆನಪಾದರು. ಅವರ ಜೊತೆ ನಾನು ಕಳಂಬೋಲಿಗೆ ಹೋದದ್ದು ಒಂದೇ ಸಲವೋ, ಎರಡು ಸಲವೋ... ನೆನಪು ತನಗೆ ಬೇಕಾದಂತೆ ಹೊಲಿಗೆ ಹಾಕುತ್ತದೆ; ಅದನ್ನು ನಾನು ನಂಬುವುದಿಲ್ಲ. ಸಿಟ್ಟನ್ನು ಮಾತ್ರ ನಂಬುತ್ತೇನೆ.

ಇಲ್ಲಿನ ಹೊರನಾಡ ಕನ್ನಡಿಗರಿಗಾಗಿ ಅವರು ಒಂದು ಸುದ್ದಿತಾಣ ನಡೆಸುತ್ತಿದ್ದರು. ನಾನು ಪ್ರೂಫ್ ನೋಡುತ್ತಿದ್ದೆ. ಅಷ್ಟರಲ್ಲಿ ಜನ ತಾಣಕ್ಕೆ ನೇರವಾಗಿ ಬರುವುದು ಬಿಟ್ಟು, ಮೊಬೈಲಿನ ನ್ಯೂಸ್ ಆ್ಯಪ್ ತಾನೇ ಆರಿಸಿ ಬಡಿಸಿದ್ದನ್ನು ಓದತೊಡಗಿದ್ದರು. "ಅದಕ್ಕೆ ಕನ್ನಡ ಅಂದ್ರೆ ಬೆಂಗಳೂರು ಮಾತ್ರ ಮಾರಾಯ," ಎನ್ನುತ್ತಿದ್ದರು ಸಂಪಾದಕರು. "ಇಲ್ಲಿ ಸಾನಪಾಡಾದಲ್ಲಿ ಕೂತವನಿಗೆ ಬೆಂಗಳೂರಿನ ಟ್ರಾಫಿಕ್ ಜಾಮ್ ತೋರಿಸ್ತದೆ. ಅವನೂ ನೋಡ್ತಾನೆ, ಮಂಗ."

ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನ ಹಿಂದೆ ಕಲಬುರಗಿ ಕಡೆಯ ಹಮಾಲರ ಜೋಪಡಿಗಳಿದ್ದವು. ಕೆಡವುವ ನೋಟಿಸು ಬಂದಿತ್ತು. ವಿಚಾರಣೆಯ ದಿನ ಒಂದಷ್ಟು ಓದಿದ ಕನ್ನಡಿಗರು, ಒಬ್ಬ ವಕೀಲರು ಬಂದು ಜೊತೆಗೆ ನಿಂತರೆ ಜೋಪಡಿಗಳು ಉಳಿಯಬಹುದೆಂಬ ಆಸೆ. ನಾವು ಬರೆದೆವು. ಆ್ಯಪ್ ಅದನ್ನು ಯಾರಿಗೂ ತೋರಿಸಲಿಲ್ಲ.

ಸಂಪಾದಕರು ಸೇಡಿಗೆ ಬಿದ್ದರು. ಮರುದಿನ ಒಬ್ಬ ನಟಿಯ ಗುಟ್ಟಿನ ಮದುವೆಯ ಶೀರ್ಷಿಕೆ ಹೊಸೆದು, ಕೆಳಗೆ ಜೋಪಡಿಗಳ ಸುದ್ದಿಯನ್ನೇ ಇಟ್ಟರು. "ತಿನ್ನಲಿ ಈಗ," ಎಂದರು. ಆ್ಯಪ್ ಗಬಗಬನೆ ತಿಂದಿತು, ಊರೂರಿಗೆ ಹಂಚಿತು. ನಮಗೆ ಬೈಗುಳಗಳು ಬಂದವು. ವಿಚಾರಣೆಗೆ ಯಾರೂ ಬರಲಿಲ್ಲ. ಅಂದಿನಿಂದ ಅದು ನಮ್ಮನ್ನು ಸಿನಿಮಾದವರೆಂದು ಗುರುತು ಹಾಕಿಕೊಂಡಿತು. ಬೇರೇನು ಬರೆದರೂ ಮುಚ್ಚಿಹಾಕಿತು.

ಜೋಪಡಿ ಕೆಡವಿದ ದಿನ, ಪಾತ್ರೆಗಳನ್ನು ಗಂಟು ಕಟ್ಟುತ್ತಿದ್ದ ಹೆಂಗಸೊಬ್ಬರು ತಲೆಯೆತ್ತಿ ಸಂಪಾದಕರನ್ನು ಕೇಳಿದರು: "ಆಕಿ ಮದ್ವಿ ಆಗಿದ್ದು ಖರೇನ್ರಿ ಸಾಹೇಬ್ರ? ನನ್ನ ಮಗಳ ಫೋನಿಗಿ ಬಂದಿತ್ತು."

ಆಮೇಲೆ ತಾಣ ಮುಚ್ಚಿತು. ಸಂಪಾದಕರೂ ಈಗಿಲ್ಲ...

ನಾನು ಆ ಆ್ಯಪನ್ನು ತೆಗೆದುಹಾಕಿಲ್ಲ. ದಿನವೂ ಲೋಕಲ್ ಟ್ರೇನಿನಲ್ಲಿ ಕೂತು, ನನಗೆ ಬೇಡದ್ದನ್ನೇ ಒತ್ತಿ ಅದಕ್ಕೆ ಸುಳ್ಳು ತಿನ್ನಿಸುತ್ತೇನೆ: ಕುರಿ ಸಾಕಣೆ, ಬೋಳುತಲೆಗೆ ಮದ್ದು, ನಾನು ಕಂಡಿರದ ಊರುಗಳ ಹವಾಮಾನ. ನನ್ನ ಬಗ್ಗೆ ಅದಕ್ಕೆ ಒಂದು ನಿಜವೂ ತಿಳಿಯಬಾರದು. ಇದರಿಂದ ಅದಕ್ಕೇನೂ ನೋವಾಗುವುದಿಲ್ಲ, ಗೊತ್ತು. ನನಗೆ ಹಿತವಾಗುತ್ತದೆ.

ಆದರೆ ಸಾನಪಾಡಾದಲ್ಲಿ, ವಾಶಿಯಲ್ಲಿ ನಮ್ಮವರೇ ಎಷ್ಟೋ ಮಂದಿ ಆ ಮದುವೆಯ ಶೀರ್ಷಿಕೆಯನ್ನು ಒತ್ತಿದ್ದರು. ಕೆಳಗಿನದನ್ನು ಅವರು ಓದದೆ ಬಿಟ್ಟರೋ, ಓದಿಯೂ ಬರಲಿಲ್ಲವೋ, ನನಗೆ ಗೊತ್ತಿಲ್ಲ.