ಸೆವಾಸ್ತಮ್ಮನ ಕೊರಳಿಗೆ ಕಾಸಿನ ಸರ

ವಾಣಿಶ್ರೀ ಗ್ರೀಸ್ ಪ್ರವಾಸ ಮುಗಿಸಿ ಬಂದು ನಮ್ಮ ಮಹಿಳಾ ಬಳಗದ ವಾಟ್ಸಾಪ್ ಗುಂಪಿಗೆ ಫೋಟೋಗಳನ್ನು ಸುರಿದ ದಿನವೇ ನನ್ನ ತಲೆ ಕೆಟ್ಟಿತು. ಕಾರ್ಪಾಥೋಸ್ ಎನ್ನುವ ದ್ವೀಪ, ಅದರ ಉತ್ತರದ ಬೆಟ್ಟದ ಮೇಲೆ ಒಂದು ಹಳ್ಳಿ, ಕೊರಳು ತುಂಬ ಚಿನ್ನದ ನಾಣ್ಯ ಹೇರಿಕೊಂಡು ನಿಂತ ಹೆಣ್ಣುಮಕ್ಕಳು. ಕೆಳಗೆ ಅವಳ ಷರಾ: ಇಲ್ಲಿ ಮನೆ, ಹೊಲ, ಒಡವೆ ತಾಯಿಯಿಂದ ಮಗಳಿಗೆ ಹೋಗುತ್ತದೆ, ನಾವು ಇವರಿಂದ ಕಲಿಯುವುದು ಬಹಳ ಇದೆ. ಮಂಗಳೂರು ಕಡೆಯವರೊಬ್ಬರು, ನಮ್ಮ ಅಳಿಯಕಟ್ಟಿನ ಹಾಗೇ ಇದೆಯಲ್ಲ ಎಂದು ಸೇರಿಸಿದರು. ಹೃದಯದ ಚಿತ್ರಗಳು ಸಾಲುಗಟ್ಟಿ ಬಂದವು. ಯಾವ ಮಗಳಿಗೆ ಹೋಗುತ್ತದೆ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ.

ನಾನು ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸದವಳು. ಆಫೀಸಿನಲ್ಲಿ ಅದಕ್ಕೆ ಸಂಬಳ ಕೊಡುತ್ತಾರೆ, ಮನೆಯಲ್ಲಿ ಬೈಯುತ್ತಾರೆ. ಆದರೆ ಈ ತಪ್ಪನ್ನು ನಾನು ಹುಡುಕಬೇಕಾಗಿರಲಿಲ್ಲ. ಆ ಊರಿನ ಇನ್ನೊಂದು ಥರದ ಮಗಳು ನನಗೆ ಗೊತ್ತಿದ್ದರು. ಅವರು ನನ್ನ ರವಿಕೆ ಸಡಿಲ ಮಾಡಿಕೊಡುತ್ತಿದ್ದರು.

ಅವರ ಹೆಸರು ಸೆವಾಸ್ತಿ. ಅಮೆರಿಕದಲ್ಲಿ ನಾವಿರುವ ಮೌಂಟನ್ ವ್ಯೂ ಊರಿನ ರೈಲು ನಿಲ್ದಾಣಕ್ಕೆ ಹತ್ತಿರದ ಒಂದು ಡ್ರೈ ಕ್ಲೀನಿಂಗ್ ಅಂಗಡಿಯ ಮೂಲೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಕೂರುತ್ತಾರೆ. ಪ್ಯಾಂಟಿನ ಉದ್ದ ಕಡಿಮೆ ಮಾಡುವುದು, ಜಿಪ್ ಬದಲಿಸುವುದು ಅವರ ಕೆಲಸ. ಈ ದೇಶಕ್ಕೆ ಬಂದ ಮೇಲೆ ನಮ್ಮ ರವಿಕೆಗಳು ವರ್ಷ ವರ್ಷ ಕುಗ್ಗುತ್ತವೆ, ನಾವಂತೂ ದಪ್ಪಗಾಗುವವರಲ್ಲ. ಅಂಥದೊಂದು ರವಿಕೆ ಹಿಡಿದುಕೊಂಡು ಮೊದಲ ಸಲ ಹೋದಾಗ ಅವರು ಅದನ್ನು ಒಳಗು ಹೊರಗು ಮಾಡಿ, ಬಗಲಿನ ಹೊಲಿಗೆಯ ಆಚೆ ಮಡಚಿ ಬಿಟ್ಟಿದ್ದ ಬಟ್ಟೆ ನೋಡಿ ನಕ್ಕರು. ನಿನ್ನ ದರ್ಜಿ ಜಾಣ, ನೀನು ಹೀಗಾಗುತ್ತೀಯ ಅಂತ ಅವನಿಗೆ ಮೊದಲೇ ಗೊತ್ತಿತ್ತು ಎಂದರು. ಅಲ್ಲಿಂದ ಸ್ನೇಹವಾಯಿತು. ಅಷ್ಟು ಹಿರಿಯರನ್ನು ಬರಿ ಹೆಸರಿನಿಂದ ಕರೆಯಲು ನನಗೆ ನಾಲಿಗೆ ಏಳಲಿಲ್ಲ, ಸೆವಾಸ್ತಮ್ಮ ಎಂದೆ. ಅಮ್ಮ ಎಂದರೇನು ಎಂದು ಕೇಳಿ ತಿಳಿದುಕೊಂಡು, ಮದುವೆಯೇ ಆಗದವಳಿಗೆ ಈ ಹೆಸರು ನಡೆಯುತ್ತದೆಯೇ ಎಂದರು. ನಮ್ಮಲ್ಲಿ ನಡೆಯುತ್ತದೆ ಎಂದೆ.

ಊರಿನ ಕಥೆಯನ್ನು ಅವರು ಒಂದೇ ಸಲ ಹೇಳಿದವರಲ್ಲ. ಒಂದು ರವಿಕೆಗೆ ಇಷ್ಟು, ಇನ್ನೊಂದಕ್ಕೆ ಇಷ್ಟು ಎಂದು ಬಂತು. ಕಡಲ್ಗಳ್ಳರ ಕಾಟ ತಾಳಲಾರದೆ ತೀರದ ಊರುಗಳನ್ನು ಬಿಟ್ಟ ಜನ, ಹಡಗಿನಿಂದ ಕಣ್ಣಿಗೆ ಬೀಳದ ಜಾಗ ಹುಡುಕಿ ಬೆಟ್ಟ ಹತ್ತಿ ಕಟ್ಟಿಕೊಂಡ ಊರಂತೆ ಅದು. ತುರ್ಕರು ಬಂದು ಹೋದರು, ಇಟಲಿಯವರು ಬಂದು ಹೋದರು. ಅಷ್ಟು ಎತ್ತರಕ್ಕೆ ಏದುಸಿರು ಬಿಡುತ್ತಾ ಹತ್ತಿ ಬಂದು ಆಳುವ ಉಮೇದು ಯಾರಿಗೂ ಅಷ್ಟಾಗಿ ಇರಲಿಲ್ಲ. ಸೆವಾಸ್ತಮ್ಮ ಹುಡುಗಿಯಾಗಿದ್ದಾಗ ಊರಿಗೆ ರಸ್ತೆಯಿಲ್ಲ, ಕರೆಂಟಿಲ್ಲ. ಪಡುವಣ ಗಾಳಿಗೆ ಮುಖ ಮಾಡಿ ನಿಂತ ಗಾಳಿಗಿರಣಿಗಳಲ್ಲಿ ಬಾರ್ಲಿ ಬೀಸಬೇಕು, ಓಣಿಯ ಒಲೆಯಲ್ಲಿ ರೊಟ್ಟಿ ಸುಡಬೇಕು. ಗಂಡಸರು ದುಡಿಯಲು ಪರದೇಶಕ್ಕೆ ಹೋದರೆ ಉಳುಮೆ ಕೊಯ್ಲೆಲ್ಲ ಹೆಂಗಸರದು. ಆಡಿನ ಚರ್ಮದ ಬೂಟು ಹಾಕಿಕೊಂಡು, ಬೆನ್ನಿನ ಮೇಲೆ ಸೌದೆ ಹೊತ್ತು, ಇಳಿಜಾರಿನಲ್ಲಿ ಹತ್ತಿ ಇಳಿದು ಬೆಳೆದ ಜನ ಅವರು.

ನೆಲವೋ, ಕಲ್ಲಿನ ಕಟ್ಟೆ ಕಟ್ಟಿ ತಡೆದು ನಿಲ್ಲಿಸಿದ ಹಿಡಿ ಮಣ್ಣು. ಮಕ್ಕಳಿಗೆಲ್ಲ ಹಂಚಿದರೆ ಒಬ್ಬೊಬ್ಬರಿಗೆ ಸೀರೆ ಒಣಹಾಕುವಷ್ಟೂ ಸಿಗುವುದಿಲ್ಲ. ಅದಕ್ಕೆ ಊರಿನ ಹಿರಿಯರು ಒಂದು ಕಟ್ಟಳೆ ಮಾಡಿದರು. ತಂದೆಯ ಆಸ್ತಿ ಹಿರಿಯ ಮಗನಿಗೆ, ತಾಯಿಯ ಮನೆ, ಹೊಲ, ಚಿನ್ನದ ಕಾಸುಗಳು ಹಿರಿಯ ಮಗಳಿಗೆ. ನೆಲ ಒಡೆಯಬಾರದು ಎನ್ನುವುದು ನನಗೂ ಅರ್ಥವಾಗುತ್ತದೆ. ಉಳಿದ ಹೆಣ್ಣುಮಕ್ಕಳು ಏನು ಮಾಡಬೇಕು ಎಂದು ಕೇಳಿದೆ. ಸೆವಾಸ್ತಮ್ಮ ಹಲ್ಲಿನಿಂದ ದಾರ ಕತ್ತರಿಸಿ, ಅಕ್ಕನ ಕೆಲಸ ಮಾಡಬೇಕು ಎಂದರು.

ಅಷ್ಟೇ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ತಂಗಿ ಅಕ್ಕನ ಮನೆಯಲ್ಲಿ ಸಂಬಳವಿಲ್ಲದ ಆಳು. ಅಕ್ಕ ಮರೂಕ್ಲಾ, ಅವಳ ಗಂಡ, ಮಗು ಮನೆಯೊಳಗಿನ ಕೆತ್ತನೆಯ ಮರದ ಅಟ್ಟಣೆಯ ಮೇಲೆ ಮಲಗುತ್ತಿದ್ದರು, ಸೆವಾಸ್ತಮ್ಮ ಕೆಳಗೆ ನೆಲದ ಮೇಲೆ. ಅಕ್ಕನ ಮಗಳು ಕಲ್ಯೋಪಿಯನ್ನು ಎತ್ತಿ ಆಡಿಸಿದ್ದು, ಹೇನು ಹೆಕ್ಕಿದ್ದು, ಅಕ್ಕನ ತಲೆಗೆ ಎರೆದದ್ದು, ಹೊಲ ಕೊಯ್ದದ್ದು ಎಲ್ಲ ಇವರೇ. ವರದಕ್ಷಿಣೆಗೆ ಏನೂ ಇಲ್ಲದವಳನ್ನು ಮದುವೆಯಾಗಲು ಯಾರೂ ಬರಲಿಲ್ಲ. ಆ ಫೋಟೋಗಳಲ್ಲಿ ಕಾಸು ಹಾಕಿಕೊಂಡು ಮಿರಮಿರ ಮಿಂಚುವ ಪ್ರತಿಯೊಬ್ಬಳ ಹಿಂದೆ, ಫೋಟೋದಲ್ಲಿ ಇಲ್ಲದ ಒಬ್ಬಳು ಪಾತ್ರೆ ತೊಳೆದಿದ್ದಾಳೆ. ಇದನ್ನು ಹೆಣ್ಣಿನ ರಾಜ್ಯ ಎಂದು ಹೊಗಳುವವರಿಗೆ ಏನೆನ್ನಬೇಕು?

ಕೊನೆಗೆ ಬಾಲ್ಟಿಮೋರಿನಲ್ಲಿದ್ದ ದಾಯಾದಿಯೊಬ್ಬನಿಗೆ ಮಕ್ಕಳನ್ನು ನೋಡಿಕೊಳ್ಳಲು ಜನ ಬೇಕಾಗಿ, ಅಕ್ಕ ತಂಗಿಯನ್ನು ಅಮೆರಿಕಕ್ಕೆ ಕಳಿಸಿಕೊಟ್ಟಳು. ಎರವಲು ಕೊಟ್ಟಳು ಎನ್ನುವುದೇ ಸರಿ. ಕರೆದಾಗ ಹಿಂದೆ ಬರಬೇಕು ಎಂದು ಮಾತು ತೆಗೆದುಕೊಂಡೇ ಕಳಿಸಿದ್ದು. ಆ ಮಕ್ಕಳು ಬೆಳೆದ ಮೇಲೆ ಸೆವಾಸ್ತಮ್ಮ ಹೊಲಿಗೆ ಕಲಿತು, ಯಾರನ್ನೂ ಕೇಳದೆ ಬಸ್ಸು ಹತ್ತಿ ಈ ಕಡೆಗೆ ಬಂದರು. ಈ ದೇಶದಲ್ಲಿ ಒಟ್ಟು ಐವತ್ತು ವರ್ಷ ದುಡಿದು ತಿಂದರು. ರೈಲು ಹಳಿಯ ಪಕ್ಕದ ಅಪಾರ್ಟ್‌ಮೆಂಟಿನಲ್ಲಿ ಒಂದು ಕೋಣೆ, ಬಾಲ್ಕನಿಯಲ್ಲಿ ಓರೆಗಾನೋ ಗಿಡ, ಭಾನುವಾರ ಚರ್ಚು. ಅಕ್ಕ ಕರೆಯಲೇ ಇಲ್ಲ.

ಈ ಜನವರಿಯಲ್ಲಿ ಕರೆದಳು. ಬಿದ್ದು ಸೊಂಟ ಮುರಿದುಕೊಂಡಿದ್ದಳು. ಫೋನು ಮಾಡಿದ್ದು ಕಲ್ಯೋಪಿ. ಅವಳು ಈಗ ಆ ಮನೆಯ ಒಡತಿ, ಪ್ರವಾಸಿಗರಿಗೆ ಕೋಣೆ ಬಾಡಿಗೆಗೆ ಕೊಡುತ್ತಾಳೆ. ನಮ್ಮ ವಾಣಿಶ್ರೀ ಉಳಿದುಕೊಂಡಿದ್ದೂ ಅಲ್ಲೇ, ಅವಳೂ ರವಿಕೆ ಕೊಡುವುದು ಅದೇ ಅಂಗಡಿಗೆ, ವಿಳಾಸ ಕೊಟ್ಟವರು ಸೆವಾಸ್ತಮ್ಮನೇ. ಏಪ್ರಿಲ್‌ನಿಂದ ಜನ ಬರಲು ಶುರುಮಾಡುತ್ತಾರೆ, ಅಮ್ಮನನ್ನು ನೋಡಿಕೊಳ್ಳಲು ನನಗೆ ಪುರಸೊತ್ತಿಲ್ಲ, ಚಿಕ್ಕಮ್ಮ ಬರಬೇಕು ಎಂದಳಂತೆ. ಎಪ್ಪತ್ತಾರು ವರ್ಷದವರು ಎಂಬತ್ತೆರಡರವಳನ್ನು ಎತ್ತಿ ಕೂರಿಸಬೇಕು! ಅಷ್ಟು ದೊಡ್ಡ ಮನೆ, ಅಷ್ಟು ಚಿನ್ನ ಮಗಳ ಪಾಲಿಗೆ. ತಾಯಿಯ ಮಲಮೂತ್ರ ಮಾತ್ರ ತಂಗಿಯ ಪಾಲಿಗೆ.

ಸೆವಾಸ್ತಮ್ಮ ಟಿಕೆಟ್ ತೆಗೆದೇ ಬಿಟ್ಟರು. ನಾನು ಅಂಗಡಿಗೆ ಹೋಗಿ ಜಗಳಕ್ಕೇ ನಿಂತೆ. ಮುದಿ ವಯಸ್ಸಿನಲ್ಲಿ ಮತ್ತೆ ಚಾಕರಿಗೆ ಹೋಗುತ್ತೀರಾ, ಆ ಮಗಳಿಗೆ ಕೈಯಿಲ್ಲವಾ ಎಂದೆ. ಅವರು ಯಂತ್ರ ನಿಲ್ಲಿಸಲಿಲ್ಲ.

“ಮಾತು ಕೊಟ್ಟಿದ್ದೆ ಸತ್ಯಾ. ಅಕ್ಕ ಅದನ್ನ ಮರ್ತಿಲ್ಲ.”

“ನಿಮಗೆ ಕೊಡಬೇಕಾಗಿದ್ದನ್ನ ಮಾತ್ರ ಮರ್ತಿದ್ದಾರೆ, ಅಲ್ವಾ?”

ಅವರು ಹೊಲಿದು ಮುಗಿಸಿದ ಪ್ಯಾಂಟನ್ನು ಮಡಚಿಟ್ಟು ಮುಂದಿನದನ್ನು ಎತ್ತಿಕೊಂಡರು. ಮನೆಗೆ ಬಂದು ಕೂಗಾಡಿದರೆ ನನ್ನ ಗಂಡ ಮಧ್ವೇಶ, ನಿನಗ್ಯಾಕೆ ಅವರ ಊರಿನ ಉಸಾಬರಿ ಎಂದು ಲ್ಯಾಪ್‌ಟಾಪಿನೊಳಗೆ ಮುಖ ಹುದುಗಿಸಿದರು.

ಅಷ್ಟರಲ್ಲಿ ಮಹಿಳಾ ದಿನ ಬಂತು. ಬೆರ್ರಿಯೆಸಾದ ಒಂದು ಸಭಾಂಗಣದಲ್ಲಿ ಬಳಗದ ಕಾರ್ಯಕ್ರಮ. ವಾಣಿಶ್ರೀ ಅಂಗಡಿಗೇ ಹೋಗಿ ಸೆವಾಸ್ತಮ್ಮನನ್ನು ಆಹ್ವಾನಿಸಿದ್ದಳು. ಬೀಳ್ಕೊಡುಗೆ ಮಾಡುತ್ತಾರೆ ಎಂದುಕೊಂಡು ಅವರು ಒಪ್ಪಿದರು. ಕಪ್ಪು ಉಡುಪು ಹಾಕಿ, ಹೂವಿನ ಚಿತ್ರದ ತಲೆವಸ್ತ್ರ ಕಟ್ಟಿ ಬಂದರು. ಅವರನ್ನು ವೇದಿಕೆಯ ಮೇಲೆ ಕೂರಿಸಿ, ಹೆಣ್ಣೇ ಒಡತಿಯಾಗಿರುವ ಊರಿನಿಂದ ಬಂದ ತಾಯಿ ಎಂದು ಪರಿಚಯ ಮಾಡಿದ ವಾಣಿಶ್ರೀಗೆ ಏನೋ ಕೊರತೆ ಕಂಡಿತು. ಫೋಟೋದಲ್ಲಿದ್ದ ಹಾಗೆ ಕೊರಳಲ್ಲಿ ನಾಣ್ಯ ಇರಲಿಲ್ಲ. ತನ್ನ ಕೊರಳಿನ ಕಾಸಿನ ಸರ ಬಿಚ್ಚಿದಳು. ಹಾಸನದಲ್ಲಿ ಅವಳ ಅಜ್ಜಿ ಕೊಟ್ಟಿದ್ದ, ಎರಡೆಳೆಯ ಗಟ್ಟಿ ಸರ. ಅದನ್ನು ಸೆವಾಸ್ತಮ್ಮನ ಕೊರಳಿಗೆ ಹಾಕಿಬಿಟ್ಟಳು.

ಸಭೆ ಚಪ್ಪಾಳೆ ತಟ್ಟಿತು. ಸೆವಾಸ್ತಮ್ಮನ ಮುಖದ ಬಣ್ಣವೇ ಹೋಯಿತು. ಬಿಸಿ ಬಾಣಲೆ ಮುಟ್ಟಿದವರ ಹಾಗೆ ಎರಡೂ ಕೈ ಎತ್ತಿದರು, ಆದರೆ ಸರವನ್ನು ಮುಟ್ಟಲಿಲ್ಲ. ಮೈಕಿನ ಹತ್ತಿರ ಬಗ್ಗಿ, ತಮ್ಮ ಮುರುಕಲು ಇಂಗ್ಲಿಷಿನಲ್ಲಿ ಹೇಳಿದರು. “ಇದು ನನ್ನದಲ್ಲ. ಇದು ಅಕ್ಕಂದು. ನಾನು ಎರಡನೇ ಮಗಳು, ನಾನು ಹಾಕಬಾರದು.”

ನಮ್ಮ ಊರುಗಳಿಂದ ಬಂದು ಮುಂದಿನ ಸಾಲಿನಲ್ಲಿ ಕೂತಿದ್ದ, ಇಂಗ್ಲಿಷ್ ಬಾರದ ತಂದೆ ತಾಯಂದಿರಿಗಾಗಿ ವಾಣಿಶ್ರೀ ಅದನ್ನು ಕನ್ನಡಕ್ಕೆ ತಿರುಗಿಸಿದಳು. “ಇವರಿಗೆ ಇವರ ಅಕ್ಕನ ನೆನಪಾಯ್ತಂತೆ. ಎಷ್ಟು ಪ್ರೀತಿ ನೋಡಿ.”

ಸುಳ್ಳನ್ನು ಹೀಗೆ ಬೆಣ್ಣೆಯಲ್ಲಿ ಅದ್ದಿ ಹಂಚಿದ್ದನ್ನು ಕೇಳಿ ಸುಮ್ಮನೆ ಕೂರುವುದು ನನ್ನಿಂದಾಗಲಿಲ್ಲ. ಎದ್ದು ನಿಂತು, ವಾಣಿಶ್ರೀ, ಅವರು ಹೇಳಿದ್ದು ಅದಲ್ಲ ಎಂದೆ. ಇಡೀ ಸಭೆ ನನ್ನ ಕಡೆ ತಿರುಗಿತು, ಮದುವೆ ಮನೆಯಲ್ಲಿ ಸೀನಿದವಳನ್ನು ನೋಡುವ ಹಾಗೆ. ಟೈಮಾಯ್ತು, ಮಕ್ಕಳ ಡ್ಯಾನ್ಸ್ ಇದೆ, ಆಮೇಲೆ ಮಾತಾಡೋಣ ಸತ್ಯಾ ಎಂದು ವಾಣಿಶ್ರೀ ನಕ್ಕಳು. ಫೋಟೋ ತೆಗೆದರು. ಸರ ವಾಪಸು ಅವಳ ಕೊರಳಿಗೆ ಹೋಯಿತು. ಆಮೇಲೆ ಮಾತಾಡಲು ಯಾರಿಗೂ ಪುರಸೊತ್ತಿರಲಿಲ್ಲ, ಊಟಕ್ಕೆ ಬಿಸಿಬೇಳೆಬಾತ್ ಬಂದಿತ್ತು. ಕಾರಿನಲ್ಲಿ ಮನೆಗೆ ಬಿಡುವಾಗ ಸೆವಾಸ್ತಮ್ಮ ಫ್ರೀವೇಯುದ್ದಕ್ಕೂ ತಲೆವಸ್ತ್ರ ಬಿಚ್ಚಿ ಮಡಚುತ್ತಾ ಕೂತಿದ್ದರು.

ಮರುದಿನ ಬೆಳಿಗ್ಗೆ ಅವರ ಸಾಮಾನು ಕಟ್ಟಿಕೊಡಲು ಹೋದೆ. ಜಗಳವಾಡಿದ ಮಾತ್ರಕ್ಕೆ ಆ ವಯಸ್ಸಿನವರನ್ನು ಒಬ್ಬರೇ ಪೆಟ್ಟಿಗೆ ಎತ್ತಲು ಬಿಡುವುದಕ್ಕಾಗುತ್ತದೆಯೇ? ಪಾತ್ರೆಗಳನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದಾಗ ಅವರ ಫೋನು ಬಡಿದುಕೊಂಡಿತು. ಪರದೆಯ ಮೇಲೆ ಕಲ್ಯೋಪಿ. ವಾಣಿಶ್ರೀ ಆ ಫೋಟೋವನ್ನು ಫೇಸ್‌ಬುಕ್ಕಿಗೆ ಹಾಕಿ ಅವಳ ಹೆಸರನ್ನೂ ಸೇರಿಸಿದ್ದಳಂತೆ. ಕಲ್ಯೋಪಿ ಫೋನನ್ನು ಹಾಸಿಗೆಯ ಕಡೆಗೆ ತಿರುಗಿಸಿದಳು. ದಿಂಬಿಗೆ ಒರಗಿ ಕೂತ ಬಿಳಿಗೂದಲಿನ ಮುದುಕಿ, ಹಿಂದೆ ಗೋಡೆಯ ತುಂಬ ತೂಗುಹಾಕಿದ ಬಣ್ಣದ ತಟ್ಟೆಗಳು. ಆ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಸೆವಾಸ್ತಮ್ಮನ ಮೂಗು, ಸೆವಾಸ್ತಮ್ಮನದೇ ಹುಬ್ಬು.

ಅವರ ಭಾಷೆ ನನಗೆ ಬಾರದು. ಆಮೇಲೆ ಸೆವಾಸ್ತಮ್ಮ ಒಂದೊಂದೇ ಮಾತನ್ನು ಬಿಡಿಸಿ ಹೇಳಿದ್ದನ್ನು ಬರೆಯುತ್ತಿದ್ದೇನೆ. ಮರೂಕ್ಲಾ ಹೇಗಿದ್ದೀಯ ಎನ್ನಲಿಲ್ಲ. ಯಾವಾಗ ಬರುತ್ತೀಯ ಎಂದೂ ಕೇಳಲಿಲ್ಲ.

“ಯಾರ ಕಾಸು ಅದು?”

ಸೆವಾಸ್ತಮ್ಮ ಕೈಯಲ್ಲಿದ್ದ ಬಟ್ಟಲನ್ನು ಕೆಳಗಿಟ್ಟರು.

“ಊರಿಗೆ ಊರೇ ನೋಡಿಯಾಗಿದೆ. ಚಿಕ್ಕವಳು ಕಾಸು ಹಾಕಿಕೊಂಡಿದ್ದಾಳೆ ಅಂತ ಓಣಿಯಲ್ಲಿ ನಗ್ತಾ ಇದಾರೆ. ನಾನಿನ್ನೂ ಸತ್ತಿಲ್ಲ. ಅದನ್ನ ಬಿಚ್ಚಿಟ್ಟು ಬಾ.”

ಸೊಂಟ ಮುರಿದು ಮಲಗಿದವಳು, ಏಳಲು ಎರಡು ಕೈ ಬೇಕಾದವಳು, ತಂಗಿಯ ಆ ಕೈಗಳ ಮೇಲೆ ಬೇರೆಯವರ ಒಡವೆಯ ನೆರಳು ಬಿತ್ತು ಎಂದು ಅಳುತ್ತಿದ್ದಳು. ಸೆವಾಸ್ತಮ್ಮ ಕೊರಳ ಹತ್ತಿರ ಕೈ ಒಯ್ದರು. ಅಲ್ಲಿ ಏನೂ ಇರಲಿಲ್ಲ, ಅಂಗಿಯ ಗುಂಡಿ ಬಿಟ್ಟರೆ. ಸರ ವಾಣಿಶ್ರೀಯದು, ಒಂದು ಗಳಿಗೆ ಇತ್ತು, ಹೋಯಿತು ಎಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಅವರು ಗುಂಡಿ ಹಿಡಿದುಕೊಂಡು ಅಕ್ಕನನ್ನೇ ನೋಡಿದರು.

“ಕಾಸು ನಂದೇ,” ಎಂದರು. “ಇಲ್ಲಿಯವರು ನನಗೆ ಕೊಟ್ಟಿದ್ದು. ಬಿಚ್ಚಲ್ಲ.”

ಆ ಕಡೆ ಮುದುಕಿ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡಳು. ಆಮೇಲೆ ಮರೂಕ್ಲಾ ಸಣ್ಣ ದನಿಯಲ್ಲಿ, ಹಾಗಾದರೆ ನನ್ನನ್ನು ನೋಡಿಕೊಳ್ಳುವವರು ಯಾರು ಎಂದಳು.

“ಕಾಸು ಹಾಕಿಕೊಂಡವಳು ಯಾರ ಮನೆಯ ಕೆಲಸವನ್ನೂ ಮಾಡಬೇಕಾಗಿಲ್ಲ ಅಂತ ನೀನೇ ಅಲ್ವಾ ನಂಗೆ ಹೇಳಿದ್ದು, ಅಕ್ಕಾ?”

ಇಷ್ಟು ಹೇಳಿ ಸೆವಾಸ್ತಮ್ಮ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದರು. ಏನು ಮಾತಾಯಿತು ಎಂದು ಅವರು ವಿವರಿಸಿದಾಗ ನನಗೆ ಎದ್ದು ಕುಣಿಯಬೇಕು ಎನ್ನಿಸಿತು. ಕೊನೆಗೂ ಹೇಳಿದಿರಲ್ಲ ಎಂದು ಅವರ ಕೈ ಹಿಡಿದೆ. ಅವರು ಕೈ ಬಿಡಿಸಿಕೊಂಡರು. ಬಾ, ನೋವಾಗುತ್ತಿದೆ ಎಂದು ಅಕ್ಕ ಒಂದು ಮಾತು ಅಂದಿದ್ದರೆ ನಾಳೆಯೇ ಹೊರಡುತ್ತಿದ್ದೆ ಎಂದರು ಅವರು. ಟವೆಲಿನಿಂದ ಪಾತ್ರೆಗಳನ್ನು ಒಂದೊಂದಾಗಿ ಬಿಡಿಸಿ ಮತ್ತೆ ಕಪಾಟಿಗೆ ಜೋಡಿಸತೊಡಗಿದರು. ಕೊನೆಯ ಬಟ್ಟಲನ್ನು ಒರೆಸುತ್ತಾ ಗೋಡೆಯ ಕಡೆ ತಿರುಗಿ ನಿಂತರು.

“ಅವಳ ಕೂದಲು ಬಹಳ ಸಿಕ್ಕು, ಸತ್ಯಾ. ನೋವಾಗದ ಹಾಗೆ ಬಾಚೋದು ಕಲ್ಯೋಪಿಗೆ ಗೊತ್ತಿಲ್ಲ. ಯಾರು ಬಾಚ್ತಾರೆ?”

ಅವರು ಹೋಗಬಾರದು ಎಂದು ಎರಡು ತಿಂಗಳು ಬಡಿದಾಡಿದವಳು ನಾನು. ಆಗ ನನ್ನ ಹತ್ತಿರ ಇದ್ದದ್ದು ಸಿಟ್ಟು ಮಾತ್ರ. ಅಕ್ಕತಂಗಿಯರ ಮಧ್ಯೆ ಒಂದು ಬಾಚಣಿಗೆಯಷ್ಟು ಪ್ರೀತಿ ಕೂಡ ನೆಟ್ಟಗೆ ಉಳಿಯದ ಹಾಗೆ ಮಾಡಿದ ಆ ಕಟ್ಟಳೆಯ ಮೇಲಿನ ಸಿಟ್ಟು ಈಗಲೂ ಹೋಗಿಲ್ಲ.