ಬೆರಳಿಗೊಂದು ನಿಂಬೆಹಣ್ಣು

ಬಲಗೈ ತೋರುಬೆರಳಿಗೆ ಉಗುರುಸುತ್ತು ಆದವನಿಗೆ ಲೋಕವೆಲ್ಲ ಶತ್ರುವೇ, ಅದರಲ್ಲೂ ಕೈಕುಲುಕುವವರು. ನಮ್ಮ ಕಡೆ ದೊಡ್ಡವರನ್ನು ಕಂಡರೆ ಕೈಮುಗಿಯುವುದು, ಸರೀಕರನ್ನು ಕಂಡರೆ ‘ಏನ್ಲಾ’ ಅನ್ನುವುದು, ಇಷ್ಟೇ ಇದ್ದದ್ದು. ಎಪ್ಪತ್ತರ ದಶಕದ ಕೊನೆಯ ಹೊತ್ತಿಗೆ ಕೋಲಾರದಲ್ಲಿ ಓದಿ ಬಂದ ಹುಡುಗರು ಶೇಕ್ ಹ್ಯಾಂಡ್ ಎಂಬ ರೋಗವನ್ನು ಹಳ್ಳಿಗಳಿಗೂ ಹಂಚಿದರು. ನನಗೆ ಅದು ತಗುಲಿದ್ದು ಸೋದರಮಾವನ ಮನೆಯಲ್ಲಿ, ರೇಷ್ಮೆ ಇಲಾಖೆಯ ಒಬ್ಬ ಹುಡುಗನಿಂದ.

ಮಾವನ ಊರು ಶ್ರೀನಿವಾಸಪುರದ ಕಡೆ, ನಮ್ಮದು ಟೇಕಲ್ ಹತ್ತಿರ. ಮಾವನಿಗೆ ಗಂಡುಮಕ್ಕಳಿಲ್ಲ, ಒಬ್ಬಳೇ ಮಗಳು. ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಕಳಚಿ, ಎದ್ದ ರೇಷ್ಮೆಹುಳ ಹಗಲು ರಾತ್ರಿ ಅನ್ನದೆ ಸೊಪ್ಪು ಮೇಯುತ್ತದೆ. ಆಗ ಎಷ್ಟು ಕೈಯಿದ್ದರೂ ಸಾಲದು. ಹಾಗಾಗಿ ಪ್ರತಿ ಬೆಳೆಗೂ ನಾನು ಅಲ್ಲಿಗೆ ಹೋಗುತ್ತಿದ್ದೆ. ಮಾವನ ಮಗಳ ಮೇಲೆ ಸೋದರಳಿಯನ ಹಕ್ಕು ಎಂಥದ್ದೆಂದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಅವಳು ತೊಟ್ಟಿಲಲ್ಲಿದ್ದಾಗಲೇ ನಮ್ಮಮ್ಮ ‘ಇವಳು ನನ್ನ ಸೊಸೆ’ ಅಂದಿದ್ದಳಂತೆ, ಮಾವ ‘ಆಗಲಿ ಅಕ್ಕಾ’ ಅಂದಿದ್ದನಂತೆ. ಆ ಒಂದು ಮಾತನ್ನು ನಂಬಿಕೊಂಡು ನಾನು ಅವರ ಹಿಪ್ಪುನೇರಳೆ ತೋಟದಲ್ಲಿ ಅದು ನನ್ನದೇ ಎಂಬಂತೆ ದುಡಿಯುತ್ತಿದ್ದೆ.

ಹಾಗೆ ಸೊಪ್ಪು ಕೀಳುವಾಗಲೇ ಉಗುರಿನ ಪಕ್ಕದ ಚರ್ಮ ಸಿಗಿಯಿತು. ನಾಲ್ಕು ದಿನದಲ್ಲಿ ಬೆರಳು ಬದನೆಕಾಯಿಯಂತೆ ಊದಿಕೊಂಡು, ಒಳಗೆ ಕೀವು ಕಟ್ಟಿ, ನಿದ್ದೆಯೆಂಬುದು ದೂರವಾಯಿತು. ಮಾವನ ಮಗಳು ನಿಂಬೆಹಣ್ಣಿನ ತಲೆ ಕೊಯ್ದು, ಒಳಗೆ ಅರಿಶಿನ ತುಂಬಿ, ಬೆಳಗ್ಗೆ ಬೆಳಗ್ಗೆ ನನ್ನ ಬೆರಳಿಗೆ ತೊಡಿಸುತ್ತಿದ್ದಳು. ಒಂದು ಕೈಯಲ್ಲಿ ನನ್ನ ಮಣಿಕಟ್ಟು ಹಿಡಿದು, ಇನ್ನೊಂದರಲ್ಲಿ ಹಣ್ಣನ್ನು ಮೆಲ್ಲಗೆ ತಿರುವುತ್ತಾ, “ಉರೀತೈತಾ ಬಾವ?” ಅನ್ನುತ್ತಿದ್ದಳು. ಪ್ರಾಣ ಹೋಗುವಷ್ಟು ಉರಿಯುತ್ತಿತ್ತು. “ಇಲ್ಲ ಕಣೇ” ಅನ್ನುತ್ತಿದ್ದೆ. ದೇವರೇ, ಇದು ಬೇಗ ವಾಸಿಯಾಗದಿರಲಿ ಎಂದು ಬೇಡಿಕೊಂಡದ್ದೂ ಉಂಟು.

ಇಲಾಖೆಯ ಹುಡುಗ ಹುಳ ನೋಡಲು ಮೊಪೆಡ್ಡಿನಲ್ಲಿ ಬರುತ್ತಿದ್ದ. ಬಿಳಿ ಶರಟು, ಎಣ್ಣೆ ಕಾಣದ ಕ್ರಾಪು. ಬಂದವನೇ ಮಾವನಿಗೆ, ಆಳುಗಳಿಗೆ, ಪಕ್ಕದ ಮನೆಯವರಿಗೆ, ಯಾರು ಸಿಕ್ಕರೆ ಅವರಿಗೆ ಕೈ ಕೊಡುತ್ತಿದ್ದ. ಮಾವ ಅಂಗೈಯನ್ನು ಪಂಚೆಗೆ ಒರೆಸಿಕೊಂಡು ಆ ಕೈ ಹಿಡಿದು, ಏನೋ ದೊಡ್ಡ ಪದವಿ ಸಿಕ್ಕಿದವನಂತೆ ನಗುತ್ತಿದ್ದ. ಅವನನ್ನು ಕಂಡ ಕೂಡಲೇ ನಾನು ಸೊಪ್ಪಿನ ಹೊರೆಯನ್ನು ತಲೆಗೇರಿಸಿ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಹೊರೆ ಇಲ್ಲದಾಗ ನೀರಿನ ಚೊಂಬು ಹಿಡಿದು ಹಿತ್ತಲ ಕಡೆ ಹೊರಟವನಂತೆ ನಟಿಸುತ್ತಿದ್ದೆ, ಆಗ ಯಾರೂ ಕೈ ಕುಲುಕುವುದಿಲ್ಲ. ಒಂದು ಸಲ ಎರಡೂ ಇಲ್ಲದೆ ಸಿಕ್ಕಿಬಿದ್ದು ಎಡಗೈ ಚಾಚಿದೆ. ಜಗಲಿಯಲ್ಲಿದ್ದ ಅಜ್ಜಿ, ನಮ್ಮಮ್ಮನನ್ನು ಹೆತ್ತವಳು, “ಮನೆಗೆ ಬಂದೋರಿಗೆ ಎಡಗೈ ಕೊಡ್ತೀಯೇನ್ಲಾ, ಮೂದೇವಿ!” ಎಂದು ಅವನೆದುರಿಗೇ ಉಗಿದಳು. ಒಳಗಿನಿಂದ ಮಾವನ ಮಗಳು ಕಿಸಕ್ಕನೆ ನಕ್ಕಳು. ಅವನೂ ನಕ್ಕ. ಇಬ್ಬರೂ ಒಂದೇ ಹೊತ್ತಿಗೆ ನಕ್ಕದ್ದು ನನ್ನ ಬೆರಳಿಗಿಂತ ಹೆಚ್ಚು ನೋಯಿತು.

ಇದರ ಮೇಲೆ ಮಾವ ನನ್ನನ್ನು ಹುಳದ ಮನೆಯಿಂದಲೇ ಹೊರಗಿಟ್ಟ. “ಹುಳಕ್ಕೆ ವಾಸನೆ ಆಗಲ್ಲ ಕಣೋ. ನಿಂಬೆಹಣ್ಣು ಸಿಕ್ಕಿಸ್ಕೊಂಡು ಒಳಗೆ ಕಾಲಿಡಬೇಡ.” ಸರಿ, ನಾನು ಹೊಸ್ತಿಲಾಚೆ ಸೊಪ್ಪು ಕಾಯುತ್ತಾ ಕೂತೆ. ಒಳಗೆ ಅವಳು ತಟ್ಟೆ ಎಳೆದು ತೋರಿಸುವಳು, ಅವನು ಹುಳವನ್ನು ಅಂಗೈಯಲ್ಲಿ ಎತ್ತಿಕೊಂಡು ಏನೋ ಹೇಳುವನು. ಹುಳ ಸೊಪ್ಪು ತಿನ್ನುವ ಸದ್ದಿನ ನಡುವೆ ಅವರ ಮಾತು ಕೇಳಿಸದು, ನಗು ಮಾತ್ರ ಕೇಳಿಸುವುದು. ಅವನ ಶರಟಿನ ಮೇಲೆ, ಮೊಪೆಡ್ಡಿನ ಮೇಲೆ, ಅವನ ಅಂಗೈಯಲ್ಲಿ ಹರಿದಾಡುವ ಆ ಹುಳದ ಮೇಲೂ ನನಗೆ ಹೊಟ್ಟೆಕಿಚ್ಚು.

ಒಂದು ಬೆಳಗ್ಗೆ ಮಾವನೇ ಬಾಯಿ ಬಿಟ್ಟ. ಹುಡುಗನ ಕಡೆಯವರು ಮುಳಬಾಗಿಲಿನಿಂದ ಹೇಳಿ ಕಳಿಸಿದ್ದರು, ಹೆಣ್ಣು ಕೊಡುತ್ತೀರಾ ಎಂದು. “ಸರ್ಕಾರಿ ಕೆಲಸ, ನಮ್ಮೋರೇ. ಆದ್ರೆ ನಿಮ್ಮಮ್ಮಂಗೆ ಮಾತು ಕೊಟ್ಟಿದ್ದೀನಲ್ಲೋ. ಸೋಮವಾರ ಗುಡಿಗೆ ಹೋಗಿ ಹೂವಿನ ಪ್ರಸಾದ ಕೇಳ್ತೀನಿ. ದೇವರು ಏನ್ ಹೇಳಿದ್ರೆ ಅದು.” ದೇವರ ಬಲಗಡೆಯಿಂದ ಹೂ ಬಿದ್ದರೆ ಅವನಿಗೆ, ಎಡಗಡೆಯಿಂದ ಬಿದ್ದರೆ ನನಗೆ. ಸಂಬಂಧದ ಮಾತಿಗೆ ದೇವರನ್ನು ಕೇಳುವುದು ಆ ಮನೆಯ ಹಳೇ ಪದ್ಧತಿ. ದೇವರಾದರೂ ನ್ಯಾಯ ನೋಡುತ್ತಾನೆ ಎಂದು ಧೈರ್ಯ ತಂದುಕೊಂಡೆ.

ಸೋಮವಾರದವರೆಗೂ ವಿಷಯ ಹೋಗಲಿಲ್ಲ. ಶನಿವಾರ ಹುಳ ಹಣ್ಣಾಗಿ ಗೂಡು ಕಟ್ಟತೊಡಗಿತ್ತು. ನಾನು ಉಣ್ಣಲೆಂದು ನಿಂಬೆಹಣ್ಣು ತೆಗೆದಿಟ್ಟು ಕೈ ತೊಳೆಯುತ್ತಿದ್ದೆ. ಹುಳದ ಮನೆಯಿಂದ ಹೊರಬಂದ ಹುಡುಗ ಖುಷಿಯಲ್ಲಿ “ಬೆಳೆ ಗೆದ್ರಿ!” ಎಂದವನೇ ನನ್ನ ಬಲಗೈಯನ್ನು ಬಾಚಿ ಹಿಡಿದು ಕುಲುಕಿಯೇಬಿಟ್ಟ. “ಅಯ್ಯಯ್ಯೋ!” ಎಂದು ನಾನು ಕೂಗಿದ್ದು ಬೀದಿಗೆ ಕೇಳಿಸಿತಂತೆ. ಉಗುರುಸುತ್ತು ಒಡೆದು ಕೀವು ಅವನ ಬಿಳಿ ಶರಟಿನ ತೋಳಿಗೆ ಚಿಮ್ಮಿತು. ಅಷ್ಟು ನೋವಿನಲ್ಲೂ ನನಗೆ ಒಂದು ಆಸೆ, ಇವನು ಈಗ ಮೂಗು ಮುಚ್ಚಿಕೊಳ್ಳುತ್ತಾನೆ, ಅವಳು ಅದನ್ನು ನೋಡುತ್ತಾಳೆ ಎಂದು. ಆ ಪಾಪಿ ಮುಖ ಸಹ ಕಿವುಚಲಿಲ್ಲ. ಬಿಸಿನೀರು ತರಿಸಿ, ಒತ್ತಿ ತೊಳೆದು, ತನ್ನ ಕರ್ಚೀಫು ಹರಿದು ಕಟ್ಟಿದ. ಅಕ್ಕರೆಯಿಂದಲೇ ಕಟ್ಟಿದ, ಅದೇ ನನಗೆ ತಡೆಯಲಾಗದ್ದು.

ನೋವು ಹಾಗೇ ಇಳಿದುಹೋಯಿತು. ಎಷ್ಟೋ ರಾತ್ರಿಯ ನಿದ್ದೆ ಒಟ್ಟಿಗೆ ಬಂದು ಜಗಲಿಯ ಮೇಲೇ ಮಲಗಿಬಿಟ್ಟೆ. ಸಾಯಂಕಾಲ ಎದ್ದಾಗ ಮನೆಯಲ್ಲಿ ಪಾಯಸದ ಪರಿಮಳ. ಸಂಬಂಧ ಕುದುರಿತ್ತು.

ಅಜ್ಜಿಯೇ ತೀರ್ಮಾನ ಕೊಟ್ಟಿದ್ದಳು. “ಮಂಚಿ ಚೆಯ್ಯಿರಾ ಆ ಪಿಲ್ಲೋಡಿದಿ,” ಆ ಹುಡುಗನದು ಒಳ್ಳೇ ಕೈ ಎಂದು ಮಾವನಿಗೆ ತೆಲುಗಿನಲ್ಲಿ ಹೇಳಿದಳಂತೆ. ಮುಟ್ಟಿದ ಕೂಡಲೇ ನೋವು ಇಳಿಸಿದ ಕೈಗುಣ. ಇನ್ನು ಹೂವಿನ ಪ್ರಸಾದ ಯಾಕೆ, ದೇವರು ಮನೆಗೇ ಬಂದು ಹೇಳಿಲ್ಲವೇ? ನನ್ನ ಕೀವೇ ನನಗೆ ಎದುರು ಸಾಕ್ಷಿ ಹೇಳಿತ್ತು.

“ಅದು ಕೈಗುಣ ಅಲ್ಲಜ್ಜಿ, ಬೆರಳು ಹಣ್ಣಾಗಿತ್ತು! ಯಾವ ಕೋಣ ತುಳಿದಿದ್ರೂ ಒಡೀತಿತ್ತು!” ಎಂದು ಕಿರುಚಾಡಿದೆ.

“ಹೊಟ್ಟೆಕಿಚ್ಚಿಗೆ ಮದ್ದಿಲ್ಲ ಬಿಡು,” ಅಂದಳು ಅಜ್ಜಿ.

ಉಳಿದದ್ದು ಒಂದೇ ದಾರಿ. ಹಿತ್ತಲಲ್ಲಿ ಸೊಪ್ಪಿನ ಕಡ್ಡಿ ಗುಡಿಸುತ್ತಿದ್ದ ಅವಳ ಹತ್ತಿರ ಹೋದೆ. ಆ ಮನೆಯಲ್ಲಿ ಅವಳ ಮಾತು ನಡೆಯುತ್ತಿತ್ತು. “ಅಷ್ಟು ದಿನ ನಿಂಬೆಹಣ್ಣು ಇಟ್ಟೋಳು ನೀನು. ನಿನ್ನ ನಿಂಬೆಹಣ್ಣಿಂದಲೇ ಅದು ಹಣ್ಣಾಗಿದ್ದು, ಅವನ ಕೈಯಿಂದಲ್ಲ. ನಿಮ್ಮಪ್ಪಂಗೆ ಇಷ್ಟು ಹೇಳೇ. ಸೋಮವಾರ ಹೂವನ್ನಾದ್ರೂ ಕೇಳಲಿ.”

ಅವಳು ಪೊರಕೆ ನಿಲ್ಲಿಸಿದಳು. ನನ್ನ ಬೆರಳಿನ ಕರ್ಚೀಫು ನೋಡಿದಳು, ಆಮೇಲೆ ನನ್ನ ಮುಖ ನೋಡಿದಳು.

“ನಂಗೂ ಗೊತ್ತು ಬಾವ,” ಅಂದಳು. “ಅದಕ್ಕೇ ಸುಮ್ಮನಿದ್ದೀನಿ.”